ಮಗಳ ಕೈ ನಡುಗುತ್ತೆ, ಹಗುರ ಪಿಸ್ತೂಲ್ ಕೊಡಿಸಲಾ?

ಪ್ರಶ್ನೆ: ಮಗಳಿಗೆ 13 ವರ್ಷ. ನಾಲ್ಕು ತಿಂಗಳಿಂದ ಮನೆ ಹತ್ತಿರದ ರೇಂಜ್‌ನಲ್ಲಿ 10 ಮೀಟರ್ ಏರ್ ಪಿಸ್ತೂಲ್ ಕಲಿಯುತ್ತಿದ್ದಾಳೆ. ಇಪ್ಪತ್ತು ಗುಂಡು ಹೊಡೆಯುವಷ್ಟರಲ್ಲಿ ಕೈ ನಡುಗುತ್ತೆ ಅಂತಾಳೆ. ಸ್ಪರ್ಧೆಗೆ ಸ್ವಂತದ್ದು ಬೇಕಂತೆ. ಇರುವುದರಲ್ಲೇ ಅತಿ ಹಗುರದ್ದು ಕೊಡಿಸಿದರೆ ಸರಿಹೋಗುತ್ತಾ?
– ಒಬ್ಬ ತಾಯಿ, ವಿಜಯನಗರ, ಬೆಂಗಳೂರು

ಸ್ವಲ್ಪ ಸರಿಹೋಗಬಹುದು ಮೇಡಂ. ಆದರೆ ‘ಅತಿ ಹಗುರ’ ಅನ್ನುವುದೊಂದನ್ನೇ ಹಿಡಿದುಕೊಂಡು ಅಂಗಡಿಗೆ ಹೋಗಬೇಡಿ.

ಕಲಿಯುವ ಹೊಸದರಲ್ಲಿ ನಾನೂ ಪರಿಚಯದವರ ಹತ್ತಿರ ಒಂದು ಹಗುರ ಪಿಸ್ತೂಲ್ ಕೊಂಡಿದ್ದೆ. ಒಂದು ವಾರ ಹಿಗ್ಗೋ ಹಿಗ್ಗು. ತೋಳು ನೋಯಲಿಲ್ಲ, ನಿಜ. ಆದರೆ ಗುಂಡುಗಳು ಎಡಕ್ಕೆ, ಬಲಕ್ಕೆ ಚೆಲ್ಲಾಡಿದವು. ಕಾರಣ ಆಮೇಲೆ ಗೊತ್ತಾಯಿತು. ಸ್ಪರ್ಧೆಯ ನಿಯಮದ ಪ್ರಕಾರ ಟ್ರಿಗರ್ ಕನಿಷ್ಠ 500 ಗ್ರಾಂ ಭಾರ ತಡೆಯಬೇಕು. ಅದು ಎಲ್ಲರಿಗೂ ಒಂದೇ, ಪಿಸ್ತೂಲ್ ಹಗುರವಾದರೂ ಕಡಿಮೆ ಆಗುವುದಿಲ್ಲ. ಒಂದು ಕಿಲೋ ಕೂಡ ತೂಗದ ವಸ್ತುವಿನ ಮೇಲೆ ಬೆರಳು ಅರ್ಧ ಕಿಲೋ ಬಲ ಹಾಕಿದಾಗ, ಒತ್ತುವುದು ಚೂರು ಓರೆಯಾದರೂ ಮೂತಿ ವಾಲುತ್ತದೆ. ಭಾರದ ಪಿಸ್ತೂಲ್ ಆ ತಪ್ಪನ್ನು ಸ್ವಲ್ಪ ನುಂಗಿಕೊಳ್ಳುತ್ತದೆ. ಹಗುರದ್ದು ಹಾಗೇ ಗುರಿಹಲಗೆಯ ಮೇಲೆ ತೋರಿಸಿಬಿಡುತ್ತದೆ. ಅಲ್ಲಿ 10 ಅಂಕದ ವೃತ್ತದ ಅಗಲ ಬರೀ 11.5 ಮಿಲಿಮೀಟರ್!

ಹಾಗಂತ ಭಾರದ್ದೇ ಇರಲಿ ಅಂತಲೂ ಅಲ್ಲ. ನಿಯಮ 1,500 ಗ್ರಾಂವರೆಗೆ ಬಿಡುತ್ತದೆ. ಆದರೆ ಸ್ಟೈಯರ್, ಮೊರಿನಿ, ಪಾರ್ಡಿನಿಯಂಥ ಸ್ಪರ್ಧೆಯ ಪಿಸ್ತೂಲ್‌ಗಳು ಹೆಚ್ಚುಕಮ್ಮಿ ಒಂದು ಕಿಲೋ ಆಸುಪಾಸಿನಲ್ಲೇ ಇರುತ್ತವೆ. ಹಿಡಿಯಬೇಕಾದದ್ದು ಒಂದೇ ಕೈಯಲ್ಲಿ, ಸ್ಪರ್ಧೆಯಲ್ಲಿ 60 ಗುಂಡು, 75 ನಿಮಿಷ. ಹದಿಮೂರರ ಹುಡುಗಿಗೆ ಅದು ಜಾಸ್ತಿಯೇ.

ಇನ್ನು ಮುಖ್ಯ ವಿಷಯ. ಅಡುಗೆಮನೆಯಿಂದ ಹಿಡಿಕೆಯಿರುವ ದೋಸೆ ಕಾವಲಿ ತನ್ನಿ. ಹಿಡಿಕೆಯ ತುದಿ ಹಿಡಿದು ಕೈ ಚಾಚಿ. ಆಮೇಲೆ ಹಿಡಿಕೆಯ ಬುಡ ಹಿಡಿದು ಚಾಚಿ. ಕಾವಲಿ ಅದೇ, ಮಣಿಕಟ್ಟಿಗೆ ಬೀಳುವ ಭಾರ ಬೇರೆ. ಪಿಸ್ತೂಲಿನಲ್ಲೂ ಹೀಗೇ. ಉದ್ದ ಬ್ಯಾರೆಲ್, ಅದರ ಕೆಳಗೆ ಗಾಳಿ ತುಂಬುವ ಉದ್ದ ಸಿಲಿಂಡರ್ ಇದ್ದರೆ ಭಾರ ಮುಂದಕ್ಕೆ ಹೋಗುತ್ತದೆ. ಗಿಡ್ಡ ಬ್ಯಾರೆಲ್, ಗಿಡ್ಡ ಸಿಲಿಂಡರ್‌ನ ಮಾದರಿಗಳಲ್ಲಿ ಭಾರ ಕೈ ಹತ್ತಿರ ಉಳಿಯುತ್ತದೆ. ಮಕ್ಕಳಿಗೆ, ಸಣ್ಣ ಕೈಯವರಿಗೆ ನಾನು ಹೇಳುವುದು ಇದನ್ನೇ. ಇದರಲ್ಲೂ ಒಂದು ಕೊರತೆ ಇದೆ. ಸೈಟ್ ಅಂದರೆ ಪಿಸ್ತೂಲ್ ಮೇಲೆ ಗುರಿ ನೋಡುವ ಗುರುತು. ಮುಂದಿನ ಸೈಟ್‌ಗೂ ಹಿಂದಿನ ಸೈಟ್‌ಗೂ ಅಂತರ ಕಡಿಮೆಯಾಗುವುದರಿಂದ ಗುರಿ ತಪ್ಪಿದ್ದು ಕಣ್ಣಿಗೆ ಬೇಗ ಕಾಣುವುದಿಲ್ಲ. ಮುಂದೆ ಬೇಕಾದರೆ ತೂಕ ಸೇರಿಸಿಕೊಳ್ಳುವ ಸೌಲಭ್ಯವಿರುವ ಮಾದರಿ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ.

ಇನ್ನೊಂದು ಅನುಮಾನ. ನಡುಕಕ್ಕೆ ಕಾರಣ ತೂಕವೇ ಅಲ್ಲದೆ ಇರಬಹುದು. ರೇಂಜ್‌ನ ಪಿಸ್ತೂಲ್ ಹತ್ತು ಜನ ಹಿಡಿಯುವಂಥದ್ದು, ಗ್ರಿಪ್, ಅಂದರೆ ಹಿಡಿಕೆ, ಸಾಮಾನ್ಯವಾಗಿ ದೊಡ್ಡವರ ಅಳತೆಯದ್ದು. ಅಂಗೈಗೆ ಕೂರದ ಗ್ರಿಪ್ಪನ್ನು ಮಗು ಹಿಂಡಿ ಹಿಡಿಯುತ್ತದೆ. ಹಿಂಡಿದರೆ ನಡುಗದೆ ಇರುತ್ತಾ? ಸಣ್ಣ ಅಳತೆಯ ಗ್ರಿಪ್ ಹಾಕಿಸಿ, ಎರಡು ವಾರ ನೋಡಿ. ಜೊತೆಗೆ ಮನೆಯಲ್ಲಿ ದಿನಾ ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು ಕೈ ಚಾಚಿ ನಿಲ್ಲಲಿ, ಇಪ್ಪತ್ತು ಸೆಕೆಂಡ್‌ನಂತೆ ಹತ್ತು ಸಲ. ಸ್ಪರ್ಧೆಯ ಆಮದು ಪಿಸ್ತೂಲ್‌ಗೆ ಲಕ್ಷಕ್ಕಿಂತ ಮೇಲೆಯೇ ಆಗುತ್ತದೆ. ಅಷ್ಟು ಕೊಡುವ ಮುಂಚೆ ಈ ಎರಡು ವಾರ ದೊಡ್ಡದಲ್ಲ.

ಲೈಸೆನ್ಸ್ ಬೇಕಾ ಅಂತ ಮುಂದೆ ನೀವೇ ಕೇಳುತ್ತೀರಿ. ನಳಿಕೆಯ ಒಳ ಅಗಲ 4.5 ಮಿಲಿಮೀಟರ್ ಮೀರದ, ಗುಂಡು ಚಿಮ್ಮುವ ಶಕ್ತಿ 20 ಜೂಲ್ ಒಳಗಿರುವ ಏರ್ ಪಿಸ್ತೂಲ್‌ಗೆ ಬೇಡ. ಗುರಿ ಹೊಡೆಯುವವು 20ರ ಹತ್ತಿರವೂ ಬರುವುದಿಲ್ಲ. ಬಿಲ್ ಮಾತ್ರ ನಿಮ್ಮ ಹೆಸರಲ್ಲಿರಲಿ, ಪೆಟ್ಟಿಗೆಯಲ್ಲೇ ಇಡಿ. ಮೆಟ್ರೊದಲ್ಲಿ ಒಯ್ಯುವ ಯೋಚನೆ ಸುಮ್ನೆ ಬೇಡ.

ಸೆಕೆಂಡ್ ಹ್ಯಾಂಡ್ ಆದರೆ ಮೊದಲು ಸಿಲಿಂಡರ್ ಮೇಲಿನ ತಯಾರಿಕೆಯ ದಿನಾಂಕ ಓದಿ. 200 ಬಾರ್ ಒತ್ತಡದ ಗಾಳಿ ತುಂಬುವ ವಸ್ತು ಅದು. ಸಾಮಾನ್ಯವಾಗಿ 10 ವರ್ಷ ದಾಟಿದ ಸಿಲಿಂಡರ್ ಬಳಸುವ ಹಾಗಿಲ್ಲ.

ಹೊಸದಾದರೂ ಹಳೆಯದಾದರೂ ಮಗಳನ್ನು ಕರೆದುಕೊಂಡೇ ಹೋಗಿ. ಗಾಳಿ ತುಂಬಿದ ಸಿಲಿಂಡರ್ ಹಾಕಿಸಿ, ಪೆಲೆಟ್ (ಗುಂಡು) ಇಲ್ಲದೆ, ಗೋಡೆ ಕಡೆಗೆ ಹತ್ತು ನಿಮಿಷ ಹಿಡಿದು ಇಳಿಸಿ ಮಾಡಲಿ. ಕಣ್ಣು ಮುಚ್ಚಿ ಎತ್ತಿ, ಕಣ್ಣು ತೆರೆದಾಗ ಎರಡೂ ಸೈಟ್ ಹೆಚ್ಚುಕಮ್ಮಿ ಒಂದೇ ಗೆರೆಯಲ್ಲಿದ್ದರೆ ಆ ಗ್ರಿಪ್ ಅವಳದ್ದು. ಹತ್ತು ನಿಮಿಷ ಹಿಡಿಯಲು ಬಿಡುವುದಿಲ್ಲ ಅಂದರೆ ಅಂಗಡಿ ಬದಲಿಸಿ.