ಗಂಡನ ಪಾಲಿನ ಗುಳಿಗೆ

ಜಿಲ್ಲಾ ಆಸ್ಪತ್ರೆಯಲ್ಲಿ ಲೈಂಗಿಕ ಸೋಂಕುಗಳನ್ನು ನೋಡುವ ಸುರಕ್ಷಾ ಕ್ಲಿನಿಕ್‌ಗೆ ಉರಿಮೂತ್ರ, ಕೀವು ಎಂದು ಬಂದವರಿಗೆ ಬೂದು ಬಣ್ಣದ ಕಿಟ್ ಕೊಡುತ್ತಾರೆ. ಅದರಲ್ಲಿ ಅಜಿಥ್ರೊಮೈಸಿನ್, ಸೆಫಿಕ್ಸಿಮ್ ಮಾತ್ರೆ, ಕ್ಲಾಮಿಡಿಯಾ ಮತ್ತು ಗೊನೊರಿಯಾ ಎಂಬ ಲೈಂಗಿಕ ಸೋಂಕುಗಳಿಗೆ. ಎರಡನ್ನೂ ಒಂದೇ ಸಲ ನುಂಗಬೇಕು. ಹಸಿರು ಕಿಟ್ ಬಿಳಿಸೆರಗಿಗೆ. ಲ್ಯಾಬ್ ವರದಿ ಬರುವ ಹೊತ್ತಿಗೆ ರೋಗಿ ಜಗಳೂರಿನ ಬಸ್ಸೋ ಚಳ್ಳಕೆರೆಯ ಬಸ್ಸೋ ಹತ್ತಿರುತ್ತಾರೆ. ಹಾಗಾಗಿ ಲಕ್ಷಣ ನೋಡಿಯೇ ಅವತ್ತೇ ಔಷಧಿ ಕೊಡುವ ಈ ಪದ್ಧತಿ, 1992ರಲ್ಲಿ ಶುರುವಾದ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದಡಿ ಬೇರೂರಿತು.

ಅದರ ಕೊರತೆ ಎರಡು. ಕ್ಲಾಮಿಡಿಯಾ ತಗುಲಿದ ಹೆಚ್ಚಿನ ಹೆಂಗಸರಿಗೆ ಲಕ್ಷಣವೇ ಇರುವುದಿಲ್ಲ, ಅವರು ಕ್ಲಿನಿಕ್ಕಿಗೆ ಬರುವುದೂ ಇಲ್ಲ. ಎರಡನೆಯದು ಸಂಗಾತಿ. ಹೆದ್ದಾರಿಯಲ್ಲಿ ಲೋಡ್ ಹೊತ್ತು ಹೋದ ಗಂಡ ಹದಿನೈದು ದಿನಕ್ಕೆ ಮರಳುತ್ತಾನೆ, ಗುಣವಾದ ಹೆಂಡತಿಗೆ ಸೋಂಕು ಮತ್ತೆ ಅಂಟುತ್ತದೆ. 'ಮಾತ್ರೆ ನಾಟಲಿಲ್ಲ' ಎಂದು ಆಕೆ ಮೆಡಿಕಲ್ ಶಾಪ್‌ಗೆ ಹೋಗುತ್ತಾಳೆ. ಇನ್ನೂ ಕೆಟ್ಟದ್ದು, ಒಂದೇ ಕಿಟ್ಟನ್ನು ಇಬ್ಬರೂ ಹಂಚಿಕೊಳ್ಳುವುದು. ಅರ್ಧ ಡೋಸ್ ಇಬ್ಬರನ್ನೂ ಗುಣಪಡಿಸದು, ಗೊನೊರಿಯಾದ ರೋಗಾಣುವಿಗೆ ಔಷಧಿಯನ್ನು ಎದುರಿಸುವುದನ್ನು ಮಾತ್ರ ಕಲಿಸುತ್ತದೆ. ಕಿಟ್ ತಲೆಗೊಂದು ಬೇಕು. ಇಬ್ಬರೂ ನುಂಗಿದ ಮೇಲೆ ಏಳು ದಿನ ಕೂಡಬಾರದು.

ಸಂಗಾತಿಯನ್ನು ವೈದ್ಯರು ನೋಡದೆಯೇ ಅವರ ಪಾಲಿನ ಔಷಧಿಯನ್ನು ರೋಗಿಯ ಕೈಯಲ್ಲೇ ಕಳಿಸುವ ದಾರಿಯನ್ನು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2006ರಲ್ಲಿ ಒಪ್ಪಿಕೊಂಡಿತು. ಕ್ಲಾಮಿಡಿಯಾ, ಗೊನೊರಿಯಾಕ್ಕೆ ಇದು ಸರಿ. ಸಿಫಿಲಿಸ್ ಎಂಬ ಇನ್ನೊಂದು ಲೈಂಗಿಕ ಸೋಂಕಿಗೆ ಬೇಕಾದದ್ದು ಬೆಂಜಥೈನ್ ಪೆನಿಸಿಲಿನ್ 24 ಲಕ್ಷ ಯೂನಿಟ್‌ನ ಇಂಜೆಕ್ಷನ್. ಅದನ್ನು ಚೀಲದಲ್ಲಿ ಹಾಕಿ ಕಳಿಸುವಂತಿಲ್ಲ. ಕಳಿಸುವ ಮಾತ್ರೆಯ ಜೊತೆಗೂ ಅಲರ್ಜಿ ಇದೆಯೇ ಎಂದು ಕೇಳುವ ಚೀಟಿ ಇರಲೇಬೇಕು. ಗಂಡನಿಗೆ ವೃಷಣ ಊದಿದ್ದರೆ, ಹೆಂಡತಿಗೆ ಕಿಬ್ಬೊಟ್ಟೆ ನೋವು, ಜ್ವರ ಇದ್ದರೆ ಚೀಟಿ ನಂಬಿ ಕೂರದೆ ಆಸ್ಪತ್ರೆಗೇ ಬರಬೇಕು.

ಮನೆಯಲ್ಲೇ ಪರೀಕ್ಷೆ ಬಂದದ್ದು ಆಮೇಲೆ. ಎಚ್‌ಐವಿಯ ಮನೆ ಕಿಟ್‌ಗೆ ಅಮೆರಿಕದಲ್ಲಿ 2012ರಲ್ಲಿ ಒಪ್ಪಿಗೆ ಸಿಕ್ಕಿತು, ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಸ್ವಯಂಪರೀಕ್ಷೆಯನ್ನು ಶಿಫಾರಸು ಮಾಡಿತು. ಕ್ಲಾಮಿಡಿಯಾ, ಗೊನೊರಿಯಾಕ್ಕೆ ಮನೆಯಲ್ಲೇ ಮಾದರಿ ತೆಗೆದು ಲ್ಯಾಬ್‌ಗೆ ಕಳಿಸುವ ಕಿಟ್‌ಗೆ ಅಲ್ಲಿ ಒಪ್ಪಿಗೆ ಬಂದದ್ದು 2023ರಲ್ಲಿ.

ಎಡವುವುದು ಮಾದರಿ ತೆಗೆಯುವಾಗಲೇ. ಗಂಡಸರು ಒಂದು ಗಂಟೆ ಮೂತ್ರ ಕಟ್ಟಿಕೊಂಡು, ಮೊದಲ ಧಾರೆಯ 20ರಿಂದ 30 ಮಿಲಿಲೀಟರ್ ಅಷ್ಟೇ ಹಿಡಿಯಬೇಕು. ಮಾಮೂಲಿ ಮೂತ್ರ ಪರೀಕ್ಷೆಯ ಅಭ್ಯಾಸದಿಂದ ನಡುಧಾರೆ ಹಿಡಿದರೆ ಸೋಂಕು ತಪ್ಪಿಹೋಗಬಹುದು. ಹೆಂಗಸರಿಗೆ ಮೂತ್ರಕ್ಕಿಂತ ಯೋನಿಯೊಳಗಿಂದ ಕಡ್ಡಿಯಲ್ಲಿ ತೆಗೆದ ಮಾದರಿ (ಸ್ವಾಬ್) ನಂಬಿಕಸ್ತ. ಚಿಕಿತ್ಸೆ ಮುಗಿದ ಮೂರ್ನಾಲ್ಕು ವಾರದೊಳಗೆ ಮತ್ತೆ ಪರೀಕ್ಷಿಸಿದರೆ ಸತ್ತ ರೋಗಾಣುವಿನ ಚೂರುಗಳೇ ಪಾಸಿಟಿವ್ ತೋರಿಸಬಹುದು. ಮೂರು ತಿಂಗಳಿಗೆ ಮಾಡಿಸಿ. ಎಚ್‌ಐವಿ ಸ್ವಯಂಪರೀಕ್ಷೆ ನೆಗೆಟಿವ್ ಎಂದರೆ ಅದು ಮೂರು ತಿಂಗಳ ಹಿಂದಿನ ಮಾತು, ಆಮೇಲೆ ತಗುಲಿದ ಸೋಂಕು ಅದರಲ್ಲಿ ಕಾಣದಿರಬಹುದು. ಪಾಸಿಟಿವ್ ಬಂದರೆ ಸರ್ಕಾರಿ ಎಚ್‌ಐವಿ ಸಮಾಲೋಚನೆ, ಪರೀಕ್ಷಾ ಕೇಂದ್ರವಾದ ಐಸಿಟಿಸಿಯಲ್ಲಿ ಬೇರೆ ಬೇರೆ ಕಿಟ್‌ಗಳಲ್ಲಿ ಖಚಿತಪಡಿಸಿಕೊಳ್ಳಬೇಕು. ಏಡ್ಸ್ ಸಹಾಯವಾಣಿ 1097.

ಸಿಫಿಲಿಸ್ ಕಾರ್ಡ್ ಟೆಸ್ಟ್ ಒಮ್ಮೆ ಪಾಸಿಟಿವ್ ಬಂದರೆ, ಗುಣವಾದರೂ ಬಹುಪಾಲು ಜನರಲ್ಲಿ ಬದುಕಿಡೀ ಹಾಗೇ ತೋರಿಸುತ್ತದೆ. ಗುಣವಾಗಿದೆಯೇ ಎಂದು ತಿಳಿಯಲು ವಿಡಿಆರ್‌ಎಲ್ ಎಂಬ ರಕ್ತಪರೀಕ್ಷೆಯ ಸಂಖ್ಯೆ 1:32ರಿಂದ 1:8ಕ್ಕೆ, ಅಂದರೆ ನಾಲ್ಕು ಪಟ್ಟು, ಇಳಿಯಿತೇ ಎಂಬುದೇ ಲೆಕ್ಕ, ಆದ್ದರಿಂದ ಹಳೆಯ ವರದಿ ಎಸೆಯಬೇಡಿ.