ಕ್ಯಾಂಟನೀಸ್ ಗದ್ದೆ ಪದಗಳು: ಕನ್ನಡದಲ್ಲೇ ಬರೆದುಕೊಳ್ಳಿ

ಕ್ಯಾಂಟನೀಸ್ ದಕ್ಷಿಣ ಚೀನಾ, ಹಾಂಗ್‌ಕಾಂಗ್ ಕಡೆಯ ಭಾಷೆ. ಮೊದಲು ಈ ಐದು ಪದ: ವೋ4, ಕುಕ್1, ಮಯ್5, ಫಾನ್6, ಚುಕ್1. ಪಕ್ಕದ ಅಂಕಿ ಸ್ವರದ್ದು, ಅಂದರೆ ದನಿಯ ಏರಿಳಿತದ್ದು. ಕ್ಯಾಂಟನೀಸ್‌ನಲ್ಲಿ ಆರು ಸ್ವರ ಇವೆ.

ನಾನು ಇಂಗ್ಲಿಷ್ ಮೂಲಕ ಕಲಿಯಲು ಹೊರಟಾಗ ಮೊದಲ ನಾಲ್ಕಕ್ಕೂ ಅರ್ಥ 'ರೈಸ್' ಅಂತಲೇ ಇತ್ತು. ತಲೆ ಕೆಟ್ಟುಹೋಯಿತು. ಕನ್ನಡದಲ್ಲಿ ಬರೆದುಕೊಂಡೆ, ಗೊಂದಲವೇ ಉಳಿಯಲಿಲ್ಲ. ಗದ್ದೆಯಲ್ಲಿ ನಿಂತ ಪೈರು ವೋ, ಕಣದಲ್ಲಿ ಒಣಗುವ ಭತ್ತ ಕುಕ್, ಅಕ್ಕಿ ಮಯ್, ಅನ್ನ ಫಾನ್, ಗಂಜಿ ಚುಕ್. ನಮ್ಮಲ್ಲೂ ಇವೆಲ್ಲ ಬೇರೆ ಬೇರೆ ತಾನೇ?

ಕೆಲಸದ ಪದಗಳಲ್ಲಿ ನನಗೆ ಇಷ್ಟವಾದದ್ದು ಛಾಪ್3 ಯೋಙ್1, ಅಂದರೆ ಸಸಿ ನಾಟಿ. ಯೋಙ್ ಅಂದರೆ ಸಸಿ. ಛಾಪ್ ಅಂದರೆ ಚುಚ್ಚಿ ನಿಲ್ಲಿಸುವುದು. ನಮ್ಮ 'ನಾಟು' ಕೂಡ ಅದೇ ಅಲ್ವಾ? ಕಾಲಿಗೆ ಮುಳ್ಳೂ ನಾಟುತ್ತದೆ, ಕೆಸರಿಗೆ ಸಸಿಯನ್ನೂ ನಾಟುತ್ತೇವೆ. ಹಾಗೆಯೇ ತಾ2 ವೋ4, ಭತ್ತ ಬಡಿಯುವುದು. ತಾ ಅಂದರೆ ಹೊಡೆ. ಕೊಯ್ಲಿಗೆ ಕೋತ್3 ವೋ4. ಕೊಯ್ಲು, ಕೋತ್ ಎರಡಕ್ಕೂ ನಂಟೇನಿಲ್ಲ, ಸುಮ್ನೆ ನೆನಪಿಗೆ ಅನುಕೂಲ. ಭತ್ತ ಒಣಗಿಸುವುದು ಸಾಯ್3 ಕುಕ್1.

ದಕ್ಷಿಣ ಚೀನಾದ ಪರ್ಲ್ ನದಿ ಬಯಲಿನಲ್ಲಿ ವರ್ಷಕ್ಕೆ ಎರಡು ಬೆಳೆ. ಮೊದಲ ಬೆಳೆಯ ಹೆಸರು ಚೋವ್2 ಚೋವ್6. ನನಗಂತೂ ಚೌಚೌ ಭಾತ್ ನೆನಪಾಗಿ ನಗು ಬಂತು. ಮೊದಲ ಚೋವ್ ಮೇಲಕ್ಕೇರುತ್ತದೆ, ಎರಡನೆಯದು ತಗ್ಗಿನಲ್ಲೇ ಸಮವಾಗಿ ನಿಲ್ಲುತ್ತದೆ. ಎರಡನೇ ಬೆಳೆ ಮಾನ್5 ಚೋವ್6.

ಸ್ವರ ತಪ್ಪಿದರೆ ಎಡವಟ್ಟು. ಹೊಲ ಉಳುವುದು, ಬೇಸಾಯ ಮಾಡುವುದು ಕಾಙ್1 ಥಿನ್4. ಥಿನ್ ಅನ್ನು ಕೆಳಕ್ಕೆ ಇಳಿಸಬೇಕು. ಎತ್ತರದಲ್ಲೇ ನಿಲ್ಲಿಸಿದರೆ ಥಿನ್1, ಅಂದರೆ ಆಕಾಶ. ಆಕಾಶ ಉಳುವ ರೈತ ಆಗಿಬಿಡ್ತೀರಿ! ಅಲ್ಪಪ್ರಾಣ, ಮಹಾಪ್ರಾಣದ ವಿಷಯದಲ್ಲಿ ಮಾತ್ರ ನಮಗೆ ಲಾಭ. ಕ್ಯಾಂಟನೀಸನ್ನು ರೋಮನ್ ಲಿಪಿಯಲ್ಲಿ ಬರೆದಾಗ ಬರುವ 'ಜಿ' ನಮ್ಮ ಕ, 'ಕೆ' ನಮ್ಮ ಖ. 'ಡಿ', 'ಟಿ' ಹತ್ತಿರ ಹತ್ತಿರ ನಮ್ಮ ತ, ಥ.

ಒಂದು ನುಡಿಗಟ್ಟೂ ಇರಲಿ: ವೋ4 ಕೋನ್2 ಖಮ್2 ಚನ್1 ಚ್ಯೂ1. ಹುಲ್ಲಿನಡಿ ಮುಚ್ಚಿಟ್ಟ ಮುತ್ತು. ದುಡ್ಡಿದ್ದೂ ಬಡವನ ಹಾಗೆ ಇರುವವನಿಗೆ ಹೀಗನ್ನುತ್ತಾರೆ.

ಕೊನೆಗೆ ದನ, ಎತ್ತು: ಙವ್4. ಎಮ್ಮೆ, ಕೋಣಕ್ಕೆ ಅದರ ಮುಂದೆ ಸೋಯ್, ಅಂದರೆ ನೀರು, ಸೇರಿಸಿ ಸೋಯ್2 ಙವ್4. ಶಾಲೆಯಲ್ಲಿ ಬಾಯಿಪಾಠ ಮಾಡಿ ಮರೆತ ಙ ಇಲ್ಲಿ ಪದದ ಮೊದಲಲ್ಲೇ ಬರುತ್ತದೆ. ಆದರೆ ಹಾಂಗ್‌ಕಾಂಗ್‌ನಲ್ಲಿ ತುಂಬಾ ಜನ ಈಗ ಅದನ್ನೂ ನುಂಗಿ ಬರೀ 'ಅವ್' ಅನ್ನುತ್ತಾರೆ.