ಊರಿಗೆ ಒಂದು ಹೋರಿ ಸಾಕು, ಆದರೂ ಅರ್ಧ ಕರುಗಳು ಗಂಡೇ ಏಕೆ?

ಓದುಗರ ಪ್ರಶ್ನೆ: ಊರಿನ ಹಸುಗಳಿಗೆಲ್ಲ ಒಂದೆರಡು ಹೋರಿ ಸಾಕು. ಹಾಗಿದ್ದೂ ಹುಟ್ಟುವ ಕರುಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡು. ಹೆಣ್ಣೇ ಹೆಚ್ಚು ಹುಟ್ಟಿದ್ದರೆ ಸಂತತಿ ಬೇಗ ಬೆಳೆಯುತ್ತಿರಲಿಲ್ಲವೇ?

ಉತ್ತರ: ಬೆಳೆಯುತ್ತಿತ್ತು. ಆದರೆ ಇಡೀ ಮಂದೆಗೆ ಏನು ಲಾಭ ಎಂದು ನಿಸರ್ಗದ ಆಯ್ಕೆ ನೋಡುವುದಿಲ್ಲ. ಯಾವ ತಾಯಿಗೆ ಮೊಮ್ಮಕ್ಕಳು ಹೆಚ್ಚು ಎಂಬುದರ ಮೇಲೆ ಅದು ನಡೆಯುತ್ತದೆ.

ಒಂದು ಮಂದೆಯಲ್ಲಿ 80 ಹೆಣ್ಣು, 20 ಗಂಡು ಇವೆ ಎಂದುಕೊಳ್ಳಿ. ಪ್ರತಿ ಹೆಣ್ಣು ಎರಡು ಕರು ಹಾಕಿದರೆ ಒಟ್ಟು 160. ಪ್ರತಿ ಕರುವಿಗೂ ತಾಯಿ ಒಬ್ಬಳೇ, ತಂದೆಯೂ ಒಬ್ಬನೇ. ಹಾಗಾಗಿ ಹೆಣ್ಣೊಂದರ ಪಾಲಿಗೆ 2 ಕರು, ಗಂಡೊಂದರ ಪಾಲಿಗೆ ಸರಾಸರಿ 8. ಇಂಥ ಮಂದೆಯಲ್ಲಿ ಗಂಡು ಹೆತ್ತವಳಿಗೇ ಲಾಭ. ಗಂಡು ಹೆರುವ ಒಲವು ವಂಶದಲ್ಲಿ ಇಳಿದು ಬರುವಂಥದ್ದಾದರೆ ತಲೆಮಾರಿನಿಂದ ತಲೆಮಾರಿಗೆ ಹರಡುತ್ತದೆ. ಗಂಡು ಹೆಚ್ಚಾದಂತೆ ಆ ಲಾಭವೂ ಕರಗುತ್ತದೆ. ತಕ್ಕಡಿ ನಿಲ್ಲುವುದು ಸಮಪಾಲಿನಲ್ಲಿ. ಜರ್ಮನಿಯ ಕಾರ್ಲ್ ಡ್ಯೂಸಿಂಗ್ 1884ರಲ್ಲೇ ಈ ಲೆಕ್ಕ ಮಾಡಿದ್ದರು. ಹೆಸರು ಬಂದದ್ದು 1930ರಲ್ಲಿ ಬರೆದ ಬ್ರಿಟಿಷ್ ವಿಜ್ಞಾನಿ ರೊನಾಲ್ಡ್ ಫಿಶರ್ ಅವರಿಗೆ.

ಬಹಳಷ್ಟು ಗಂಡುಗಳಿಗೆ ಸಂಗಾತಿಯೇ ಸಿಗುವುದಿಲ್ಲವಲ್ಲ ಎಂದು ಕೇಳಬಹುದು. ಕಡಲ ಸಸ್ತನಿಗಳಾದ ಆನೆ ಸೀಲ್‌ಗಳಲ್ಲಿ ಹಾಗೆಯೇ: ಕೆಲವೇ ಗಂಡುಗಳು ಹೆಚ್ಚಿನ ಮರಿಗಳಿಗೆ ತಂದೆ. ಆದರೂ ಲೆಕ್ಕ ಕೆಡುವುದಿಲ್ಲ, ಏಕೆಂದರೆ ಮಗ ಗೆಲ್ಲುತ್ತಾನೋ ಸೋಲುತ್ತಾನೋ ತಾಯಿಗೆ ಮೊದಲೇ ತಿಳಿಯದು. ಸರಾಸರಿಯೇ ಲೆಕ್ಕಕ್ಕೆ ಬರುವುದು. ಇನ್ನೊಂದು ಸೂಕ್ಷ್ಮವಿದೆ. ಫಿಶರ್ ಹೇಳಿದ ಸಮಪಾಲು ತಲೆಯೆಣಿಕೆಯದಲ್ಲ, ಹಾಲು, ಮೇವು, ಶ್ರಮ ಸೇರಿದ ಸಾಕಣೆಯ ಖರ್ಚಿನದು. ಗಂಡುಮರಿ ಸಾಕಲು ಹೆಚ್ಚು ದುಬಾರಿಯಾದರೆ ಅವುಗಳ ಸಂಖ್ಯೆ ಕಡಿಮೆ ಇರಬೇಕು. ತಾಯಿಯ ಆರೈಕೆ ಮುಗಿದ ಮೇಲೆ ಸಾಯುವ ಗಂಡುಗಳಿಂದ ಹುಟ್ಟಿನ ಅನುಪಾತ ಬದಲಾಗುವುದಿಲ್ಲ.

ಈ ವಾದ ನಿಂತಿರುವುದು ಗಂಡುಗಳು ಇಡೀ ಗುಂಪಿನ ಹೆಣ್ಣುಗಳಿಗಾಗಿ ಸ್ಪರ್ಧಿಸುತ್ತವೆ ಎಂಬುದರ ಮೇಲೆ. ಅದು ತಪ್ಪಿದಲ್ಲಿ ಏನಾಗುತ್ತದೆ ಎಂಬುದಕ್ಕೆ ಥ್ರಿಪ್ಸ್ ಎಂಬ ಪುಟ್ಟ ಕೀಟದ ಮೊಟ್ಟೆ ತಿನ್ನುವ ಅಡ್ಯಾಕ್ಟಿಲಿಡಿಯಂ ಎಂಬ ನುಸಿ ಸಾಕ್ಷಿ. ಅದರ ಮರಿಗಳು ತಾಯಿಯ ಹೊಟ್ಟೆಯೊಳಗೇ ಬಲಿಯುತ್ತವೆ: 5ರಿಂದ 8 ಹೆಣ್ಣು, ಗಂಡು ಒಂದೇ. ಅವನು ಅಕ್ಕತಂಗಿಯರನ್ನು ಅಲ್ಲೇ ಕೂಡುತ್ತಾನೆ; ಅವರು ತಾಯಿಯನ್ನು ಒಳಗಿಂದ ತಿಂದು, ಸೀಳಿಕೊಂಡು ಹೊರಬರುತ್ತಾರೆ. ಎರಡನೇ ಮಗ ಹುಟ್ಟಿದರೆ ಅಣ್ಣನ ಜೊತೆ ಜಗಳಕ್ಕಷ್ಟೇ ಆದಾನು. ಜೀವವಿಜ್ಞಾನಿ ಡಬ್ಲ್ಯು. ಡಿ. ಹ್ಯಾಮಿಲ್ಟನ್ 1967ರಲ್ಲಿ ಇದಕ್ಕೆ ಸೂತ್ರ ಕೊಟ್ಟರು. ಒಂದು ತಾಣದಲ್ಲಿ ಮರಿ ಹಾಕುವ ತಾಯಂದಿರ ಸಂಖ್ಯೆಯಿಂದ ಒಂದನ್ನು ಕಳೆದು, ಬಂದದ್ದನ್ನು ತಾಯಂದಿರ ಸಂಖ್ಯೆಯ ಇಮ್ಮಡಿಯಿಂದ ಭಾಗಿಸಿದರೆ ಬರುವುದು ಗಂಡುಗಳ ಪಾಲು. ಇಬ್ಬರು ತಾಯಂದಿರಿದ್ದರೆ ಕಾಲುಭಾಗ, ಹತ್ತು ಮಂದಿಯಾದರೆ ಶೇ. 45. ಒಬ್ಬಳೇ ಇದ್ದರೆ ಸೊನ್ನೆ, ಅಂದರೆ ಅಕ್ಕತಂಗಿಯರಿಗೆ ಸಾಲುವಷ್ಟು ಮಾತ್ರ.

ತಾಯಿಯ ಮೈಕಟ್ಟಿನಿಂದ ಅನುಪಾತ ಬದಲಾಗಬಹುದು ಎಂದು ವಿಜ್ಞಾನಿಗಳಾದ ಟ್ರಿವರ್ಸ್ ಮತ್ತು ವಿಲ್ಲರ್ಡ್ 1973ರಲ್ಲಿ ವಾದಿಸಿದರು. ಸ್ಕಾಟ್ಲೆಂಡಿನ ರಮ್ ದ್ವೀಪದ ಕೆಂಪು ಜಿಂಕೆಗಳಲ್ಲಿ ಬಲಶಾಲಿ ತಾಯಂದಿರು ಹೆಚ್ಚು ಗಂಡು ಹೆತ್ತದ್ದು ಕಂಡಿತು. ಹಿಂಡಿನ ದಟ್ಟಣೆ ಏರಿದ ಮೇಲೆ ಆ ವ್ಯತ್ಯಾಸ ಅಳಿಸಿಹೋಯಿತು. ಸಸ್ತನಿಗಳಲ್ಲಿ ಇಂಥ ಫಲಿತಾಂಶಗಳನ್ನು ಎಚ್ಚರದಿಂದಲೇ ಓದಬೇಕು. ನುಸಿಯಲ್ಲಿ ಫಲಿತಗೊಳ್ಳದ ಮೊಟ್ಟೆ ಗಂಡಾಗುತ್ತದೆ, ಹಾಗಾಗಿ ಆಯ್ಕೆ ತಾಯಿಯ ಕೈಯಲ್ಲಿದೆ. ಹಸುವಿನ ಕರುವಿನ ಲಿಂಗ ನಿರ್ಧರಿಸುವುದು ಹೋರಿಯ ವೀರ್ಯಾಣು. ಅದರಲ್ಲಿ ಹೆಣ್ಣಿಗೆ ಕಾರಣವಾಗುವ ಎಕ್ಸ್ ಅರ್ಧ, ಗಂಡಿಗೆ ಕಾರಣವಾಗುವ ವೈ ಅರ್ಧ.

ಹೆಣ್ಣುಗರುವೇ ಬೇಕೆಂದು ಬೆದೆಯ ಆರಂಭದಲ್ಲೋ ಕೊನೆಯಲ್ಲೋ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಹಾಕಿಸುವ ಉಪಾಯವನ್ನು ನೆಚ್ಚಬೇಡಿ. ಕೆಲಸ ಮಾಡುವುದು ಲಿಂಗ ವಿಂಗಡಿಸಿದ ವೀರ್ಯ. ಎಕ್ಸ್ ವೀರ್ಯಾಣುವಿನಲ್ಲಿ ಡಿಎನ್‌ಎ ಸುಮಾರು ಶೇ. 4ರಷ್ಟು ಹೆಚ್ಚು, ಬಣ್ಣ ಹಾಕಿ, ಲೇಸರ್ ಬೆಳಕಿನಲ್ಲಿ ಹೊಳಪು ಅಳೆದು ಬೇರ್ಪಡಿಸುತ್ತಾರೆ. ಹೆಣ್ಣು ಹುಟ್ಟುವ ಸಾಧ್ಯತೆ ಶೇ. 90ರ ಆಸುಪಾಸು. ಆದರೆ ವೀರ್ಯ ತುಂಬಿಡುವ ಸಣ್ಣ ಕೊಳವೆಯಾದ ಮಾಮೂಲಿ ಸ್ಟ್ರಾದಲ್ಲಿ 2 ಕೋಟಿ ವೀರ್ಯಾಣು ಇದ್ದರೆ ಇದರಲ್ಲಿ 20ರಿಂದ 40 ಲಕ್ಷ ಮಾತ್ರ, ಯಂತ್ರದೊಳಗೆ ಹಾದು ಅವು ಸೊರಗಿಯೂ ಇರುತ್ತವೆ. ಗಬ್ಬ ನಿಲ್ಲುವ ಪ್ರಮಾಣ ಕಡಿಮೆ. ಆದ್ದರಿಂದ ಆರೋಗ್ಯವಂತ ಕಡಸುಗಳಿಗೆ, ಬೆದೆ ಸ್ಪಷ್ಟವಾಗಿ ಕಂಡಾಗ ಹಾಕಿಸಿ. ಗಬ್ಬ ನಿಲ್ಲದೆ ಪದೇ ಪದೇ ಬೆದೆಗೆ ತಿರುಗುವ ಹಸುವಿಗೆ ಈ ದುಬಾರಿ ಸ್ಟ್ರಾ ದಂಡ.